ಪಂಚಾಕ್ಷರಪ್ಪನವರ ಎಡಗೈ

ಹಿರಿಯೂರಿನಲ್ಲಿ ಸುಟ್ಟ ಮೋಟಾರನ್ನು ರಿಪೇರಿಗೆ ತಂದವರು ನನ್ನ ಸೋದರಮಾವ ಪಂಚಾಕ್ಷರಪ್ಪನವರ ಅಂಗಡಿಯಲ್ಲಿ ಮೊದಲು ಒಂದು ವಿಚಾರಣೆಗೆ ಒಳಗಾಗಬೇಕಿತ್ತು. ಮೋಟಾರು ಗಾಡಿಯಿಂದ ಇಳಿಯುವುದಕ್ಕೂ ಮೊದಲೇ ಅವರ ಪ್ರಶ್ನೆಗಳು ಶುರುವಾಗುತ್ತಿದ್ದವು. ಯಾವಾಗ ಸುಟ್ಟಿತು, ಅದರ ಹಿಂದಿನ ದಿನ ಏನಾಗಿತ್ತು, ಅದಕ್ಕೂ ಹಿಂದೆ ಏನಾಗಿತ್ತು. ಉತ್ತರ ಸರಿಯೆನಿಸದಿದ್ದರೆ ಅವರು ಮೋಟಾರನ್ನು ಮುಟ್ಟುತ್ತಿರಲಿಲ್ಲ.

ಐಮಂಗಲದ ಗೋವಿಂದಪ್ಪ ಎಂಬುವವರು ಒಮ್ಮೆ ಕೊಳವೆಬಾವಿಯ ಮೋಟಾರು ತಂದಾಗ ನಾನು ಅಲ್ಲೇ ಕುಳಿತಿದ್ದೆ.

“ವೋಲ್ಟೇಜ್ ಸರಿ ಇರ್ಲಿಲ್ಲ ಯಜಮಾನ್ರೆ, ಅದ್ಕೇ ಹೋಯ್ತು,” ಎಂದರು ಅವರು.

“ಬೋರಲ್ಲಿ ನೀರಿತ್ತೇನಪ್ಪ?”

“ಇತ್ತಲ್ರಿ.”

ಮಾವ ಮೋಟಾರು ಬಿಚ್ಚಿಸಿ, ಒಳಗೆ ದಂಡ ತಿರುಗುವ ಬುಷ್ಷನ್ನು ಬೆರಳಿನಲ್ಲಿ ಎತ್ತಿ ತೋರಿಸಿದರು. “ಇದು ನೋಡು, ಹೆಂಗೆ ಬೆಂದೈತೆ. ನೀರಿಲ್ದೆ ಬರಿದೇ ಓಡ್ಸೀಯ. ನಿಜ ಹೇಳು, ಇಲ್ಲ ಎತ್ಕಂಡು ಹೋಗು. ನಿನ್ನ ಸುಳ್ಳು ನಂಬಿ ನಾನು ಕಾಯಿಲ್ ಕಟ್ಟಿದ್ರೆ ಮುಂದ್ಲ ವಾರ ಮತ್ತೆ ಸುಡ್ತೈತೆ.”

ಗೋವಿಂದಪ್ಪ ತಲೆ ಕೆರೆದುಕೊಂಡು ನಕ್ಕರು. “ನಮ್ಮನೆಯಾಕೆನೂ ಇಷ್ಟು ಕೇಳಲ್ಲ ಬಿಡ್ರಿ. ಮೂರು ದಿನ ಬರೀ ಗಾಳಿ ಬರ್ತಿತ್ತು.”

“ಹಾಂ, ಈಗ ಇಳ್ಸು,” ಎಂದರು ಮಾವ.

ತುರುವನೂರಿನ ಒಕ್ಕಲು ಮನೆತನದಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಹಿರಿಯೂರಿಗೆ ಬಂದು, ಐವತ್ತು ವರ್ಷಕ್ಕೂ ಮಿಕ್ಕಿ ತಾಮ್ರದ ತಂತಿ ಸುತ್ತಿದವರು ಅವರು. ಬಲಗೈಯಲ್ಲಿ ಸುತ್ತುವ ಯಂತ್ರದ ಹಿಡಿ ತಿರುಗಿಸುವುದು, ಎಡಗೈಯಲ್ಲಿ ತಂತಿಯನ್ನು ಬಿಗಿಹದದಲ್ಲಿ ಬಿಡುವುದು. ಬೆಳಿಗ್ಗೆ ಇಷ್ಟಲಿಂಗ ಪೂಜೆಯಾಗದೆ ನೀರೂ ಕುಡಿಯುತ್ತಿರಲಿಲ್ಲ. ಪಡಸಾಲೆಯ ಪಕ್ಕದ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕುಳಿತರೆ ಅರ್ಧ ಗಂಟೆ ಕೈ ಅಲುಗುತ್ತಿರಲಿಲ್ಲ. ಮಕ್ಕಳಾಗಿದ್ದಾಗ ನಾನೂ ಅವರ ಮಗ ಗುರುರಾಜನೂ ಆ ಕೈ ಅಲುಗುತ್ತದೆಯೇ ಎಂದು ಹೊಸ್ತಿಲಲ್ಲಿ ಕುಳಿತು ಪಂದ್ಯ ಕಟ್ಟಿ ನೋಡುತ್ತಿದ್ದೆವು. ಅಲುಗುತ್ತದೆ ಎಂದವರು ಗೆದ್ದದ್ದೇ ಇಲ್ಲ.

೨೦೨೩ರ ದೀಪಾವಳಿಯ ಹೊತ್ತಿಗೆ ಅವರ ಕಣಕಾಲುಗಳು ಊದಿಕೊಂಡವು. ಅಂಗಡಿಯ ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಊರಿನ ಒಂದು ಕ್ಲಿನಿಕ್ಕಿನಲ್ಲಿ ನೋಡಿ, ಬಿ.ಪಿ.ಯಿಂದ ಹೃದಯದ ಗೋಡೆ ದಪ್ಪವಾಗಿ ಹೃದಯ ಸೋತಿದೆ ಎಂದು ಹೇಳಿ ಮಾತ್ರೆಗಳನ್ನು ಬರೆದುಕೊಟ್ಟರು. ಎಪ್ಪತ್ತನಾಲ್ಕು ವರ್ಷದ, ಹಳೆಯ ಬಿ.ಪಿ. ಇದ್ದ ಮನುಷ್ಯನ ವಿಷಯದಲ್ಲಿ ಅದು ತಪ್ಪು ಊಹೆಯೆಂದು ನಾನು ಈಗಲೂ ಹೇಳಲಾರೆ. ಹತ್ತರಲ್ಲಿ ಒಂಬತ್ತು ಜನರಿಗೆ ಕಾರಣ ಅದೇ ಇರುತ್ತದಂತೆ. ಆದರೆ ಮಾತ್ರೆ ಹೆಚ್ಚಿದಂತೆ ಮಾವ ಕುಗ್ಗಿದರು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತದೆ ಎನ್ನುತ್ತಿದ್ದರು.

೨೦೨೪ರ ಜೂನ್ ಆರು, ಗುರುವಾರ, ಬೆಳಿಗ್ಗೆ ಹನ್ನೊಂದೂ ಕಾಲಿಗೆ ಅವರು ಅಂಗಡಿಯಲ್ಲಿ ಬಿದ್ದರು. ಹೊಸದಾಗಿ ಕಟ್ಟಿದ ಮೋಟಾರಿಗೆ ಕರೆಂಟು ಕೊಟ್ಟು ಪರೀಕ್ಷಿಸುವ ಮೇಜಿನ ಮುಂದೆ ನಿಂತಿದ್ದರು. ಮೂರು ತಂತಿಗಳ ತುದಿಗಳು ಬಯಲಾಗಿದ್ದವು. ಗುರುರಾಜ ಮೇನ್ ಸ್ವಿಚ್ಚು ಎಳೆದು ಕರೆಂಟು ಆರಿಸಿದ್ದಕ್ಕೂ ಅವರ ಮೊಣಕೈ ಆ ತುದಿಗಳ ಮೇಲೆ ಬಿದ್ದದ್ದಕ್ಕೂ ನಡುವೆ ಎಷ್ಟು ಹೊತ್ತಿತ್ತು ಎಂಬುದು ಅವನಿಗೇ ಗೊತ್ತಿಲ್ಲ. ಸುದ್ದಿ ತಿಳಿದು ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಿಂದ ಓಡಿ ಬಂದಾಗ ಅವನು ಅಪ್ಪನ ತಲೆಯ ಪಕ್ಕ ಕುಳಿತು ಗಾಳಿ ಬೀಸುತ್ತಿದ್ದ.

“ಇನ್ನು ಅಂಗಡಿಗೆ ಬರ್ಬೇಡ್ರಿ ಅಪ್ಪಾಜಿ.”

“ಮನೇಲಿ ಬಿದ್ರೆ ಸ್ವಿಚ್ಚು ಯಾರು ಎಳೀತಾರ್ಲೇ?” ಎಂದರು ಮಾವ, ನೆಲದ ಮೇಲೆ ಮಲಗಿದ್ದುಕೊಂಡೇ.

ಸೋಮವಾರ, ಜೂನ್ ಹತ್ತಕ್ಕೆ, ಚಿತ್ರದುರ್ಗದ ಹೃದಯತಜ್ಞೆ ಡಾಕ್ಟರ್ ಶೋಭಾರಾಣಿಯವರ ಬಳಿ ಹೋಗುವುದೆಂದು ನಿಶ್ಚಯವಾಯಿತು. ಅಂದು ಬೆಳಿಗ್ಗೆ ಏಳಕ್ಕೆ ಮಾವನ ಮನೆಗೆ ಹೋದೆ. ಪೂಜೆಯ ಕೋಣೆಯ ಬಾಗಿಲು ಮುಚ್ಚಿತ್ತು.

“ಎರಡು ವರ್ಷ ಆಗ್ತಾ ಬಂತಪ್ಪ, ಬಾಗ್ಲು ಹಾಕ್ಕಂಡೇ ಕುಂತ್ಕಳ್ತಾರೆ,” ಎಂದರು ಮಾವನ ಹೆಂಡತಿ ಸರ್ವಮಂಗಳತ್ತೆ. “ವಯಸ್ಸಾದಂಗೆಲ್ಲ ಭಕ್ತಿ ಜಾಸ್ತಿ ಆಗೈತೆ. ಹೊತ್ತಾಯ್ತು ಅಂತ ನೀನೇ ಹೇಳು. ನಾನು ಹೇಳಿದ್ರೆ ಸಿಡುಕ್ತಾರೆ.”

ಬಾಗಿಲನ್ನು ಮೆಲ್ಲಗೆ ತಟ್ಟಿದೆ. ಚಿಲಕ ಸರಿಯಾಗಿ ಬಿದ್ದಿರಲಿಲ್ಲವಾಗಿ ಅದು ತೆರೆದುಕೊಂಡಿತು. ಮಾವ ಮಣೆಯ ಮುಂದೆ ಕುಳಿತಿದ್ದರು. ಲಿಂಗ ಅವರ ಅಂಗೈಯಲ್ಲಿರಲಿಲ್ಲ. ಮಡಿಸಿದ ಬಿಳಿ ವಸ್ತ್ರದ ಮೇಲೆ, ಮಣೆಯಲ್ಲಿತ್ತು. ಎಡಗೈ ತೊಡೆಯ ಮೇಲೆ ಬರಿದಾಗಿ ಬಿದ್ದಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿ, “ಬಾಗ್ಲು ಹಾಕು,” ಎಂದರು. ದನಿ ಏರಲಿಲ್ಲ.

ಐಮಂಗಲದ ಬಳಿ ಗುರುರಾಜ ಡೀಸೆಲ್ ಹಾಕಿಸಲು ಕಾರಿನಿಂದ ಇಳಿದಾಗ ಅವರೇ ಮಾತು ತೆಗೆದರು.

“ಹೋದ ವರ್ಷ ಅಲ್ಲ, ಅದ್ರ ಹಿಂದ್ಲ ಶ್ರಾವಣ. ಎರಡನೇ ಸೋಮವಾರ. ಕಣ್ಣು ಮುಚ್ಚಿದ್ದೆ ನಾಗರಾಜ. ಟಣ್ ಅಂತ ಸದ್ದಾತು. ಕಣ್ಣು ಬಿಟ್ಟು ನೋಡ್ತೀನಿ, ಅಂಗೈ ಬರಿದು. ಬಿದ್ದಿದ್ದೂ ಗೊತ್ತಾಗ್ಲಿಲ್ಲ ಕಣೋ ನಂಗೆ.”

ಅವರು ಗಾಜಿನಾಚೆ ಗುರುರಾಜನನ್ನು ಒಮ್ಮೆ ನೋಡಿಕೊಂಡರು.

“ಅಲ್ಲಿಂದ ಒಂದು ವರ್ಷ ಚಿಲ್ರೆಗೆ ಕಾಲು ಊದ್ಕಂಡ್ವು. ಯಾಕೆ ಅಂತ ನಂಗೆ ಗೊತ್ತೈತೆ. ಅದು ಡಾಕ್ಟ್ರು ತಿಳಿಯೋ ವಿಷ್ಯ ಅಲ್ಲ. ನೀನು ಯಾರಿಗೂ ಹೇಳ್ಬ್ಯಾಡ. ನಿಮ್ಮತ್ತೆಗೂ.”

ನಾನು ಆಗಲಿ ಎಂದೆ.

ನಮ್ಮ ಮುತ್ತಜ್ಜನ ಕಾಲದಲ್ಲಿ ಲಿಂಗ ಕೈಜಾರಿದರೆ, ಮಠದ ಗುರುಗಳು ಬಂದು ಮತ್ತೆ ಅಂಗೈಗೆ ಕೊಡುವವರೆಗೂ ಆ ಮನುಷ್ಯ ಅನ್ನ ಮುಟ್ಟುತ್ತಿರಲಿಲ್ಲವೆಂದು ಮನೆಯಲ್ಲಿ ಹೇಳುವುದುಂಟು. ಈಗ ಅಷ್ಟು ಕಟ್ಟುನಿಟ್ಟಾಗಿ ನಡೆಯುವವರು ಇಲ್ಲ. ಮಾವ ಮಾತ್ರ ಅದನ್ನು ಯಾರಿಗೂ ಹೇಳದೆ, ಮಠಕ್ಕೂ ಹೋಗದೆ, ಎರಡು ವರ್ಷ ಬಾಗಿಲು ಹಾಕಿಕೊಂಡು ತಮ್ಮನ್ನೇ ಶಿಕ್ಷಿಸಿಕೊಂಡಿದ್ದರು.

ಶೋಭಾರಾಣಿಯವರು ನಲವತ್ತರ ಆಸುಪಾಸಿನವರು, ಹೊಸದುರ್ಗದ ಕಡೆಯವರು. ಮೊದಲು ಎಕೋ ಮಾಡಿದರು. ಆಮೇಲೆ ಇಸಿಜಿಯ ಹಾಳೆಯನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು.

“ಯಜಮಾನ್ರೇ, ಹೃದಯದ ಗೋಡೆ ದಪ್ಪ ಐತೆ. ಬಿ.ಪಿ.ಯಿಂದ ಮಾಂಸ ಬೆಳೆದು ದಪ್ಪ ಆಗಿದ್ರೆ ಈ ಗೆರೆಗಳು ಎತ್ತರ ಇರಬೇಕಿತ್ತು. ನಿಮ್ಮವು ಚಿಕ್ಕವು. ಗೋಡೆ ಒಂದು ಹೇಳುತ್ತೆ, ಗೆರೆ ಇನ್ನೊಂದು ಹೇಳುತ್ತೆ.” ಸ್ವಲ್ಪ ತಡೆದು ಕೇಳಿದರು: “ಕೈ ಜೋಮು ಹಿಡಿಯುತ್ತಾ?”

ಹೃದಯಕ್ಕೂ ಕೈಗೂ ಏನು ಸಂಬಂಧವೆಂದು ಗುರುರಾಜ ನನ್ನ ಮುಖ ನೋಡಿದ. ಆದರೂ ಉತ್ತರಿಸಿದ: “ಬಲಗೈದು ಆಪರೇಷನ್ ಆಗೈತೆ ಮೇಡಂ. ದಾವಣಗೆರೇಲಿ. ಜೀವಮಾನ ಎಲ್ಲ ಹಿಡಿ ತಿರುಗ್ಸಿ ಮಣಿಕಟ್ಟಲ್ಲಿ ನರ ಒತ್ಕಂಡಿತ್ತಂತೆ.”

“ಯಾವ ವರ್ಷ?”

“೨೦೧೬, ನವೆಂಬರ್ ಹದಿನೆಂಟು,” ಎಂದೆ. ಅದು ನನ್ನ ದಿನಚರಿಯಲ್ಲಿತ್ತು. ಅವರನ್ನು ಆಸ್ಪತ್ರೆಗೆ ಕರೆದೊಯ್ದವನು ನಾನೇ.

“ಎಡಗೈ?”

ಮಾವ ಎಡಗೈಯನ್ನು ಶಲ್ಯದೊಳಗೆ ಎಳೆದುಕೊಂಡರು.

“ಎಡಗೈ ಚೆನ್ನಾಗೈತೆ,” ಎಂದರು.

“ಒಂದೇ ಕೈ ಆದ್ರೆ ಕೆಲಸದಿಂದ ಬಂದಿದ್ದು ಅನ್ನಬಹುದು. ಎರಡೂ ಕೈ ಆಗಿದ್ರೆ ನಾನು ಬೇರೆ ದಾರಿ ಹಿಡೀತಿದ್ದೆ.” ಅವರು ನಮ್ಮಿಬ್ಬರನ್ನೂ ನೋಡಿದರು. “ಸದ್ಯಕ್ಕೆ ತಲೆಸುತ್ತು ತರೋ ಮಾತ್ರೆ ಕಡಿಮೆ ಮಾಡ್ತೀನಿ. ಇಪ್ಪತ್ತನಾಲ್ಕಕ್ಕೆ ಮತ್ತೆ ಬನ್ನಿ. ಏನಾದರೂ ನೆನಪಾದ್ರೆ ಅಷ್ಟರೊಳಗೆ ಹೇಳಿ.”

ನೆನಪಾಗಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ದಿನಚರಿಯ ಆ ದಿನದ ಪುಟದಲ್ಲಿ ಕಾರು ಹೊರಟ ಸಮಯ, ರಕ್ತದೊತ್ತಡದ ಅಂಕಿ, ಬದಲಿಸಿದ ಮಾತ್ರೆಯ ಹೆಸರು ಎಲ್ಲವನ್ನೂ ಬರೆದು, ನಡುವೆ ನಾಲ್ಕು ಸಾಲಿನಷ್ಟು ಜಾಗ ಬಿಟ್ಟೆ.

ಮುಂದಿನ ಹತ್ತು ದಿನ ಕಳೆಯುವುದು ಕಷ್ಟವಾಯಿತು. ಎರಡು ಸಲ ಡಾಕ್ಟರ ನಂಬರನ್ನು ಒತ್ತಿ, ಗಂಟೆ ಬಾರಿಸುವ ಮೊದಲೇ ಕತ್ತರಿಸಿದೆ. ಕೊಟ್ಟ ಮಾತು ಮುರಿದರೆ ಮಾವನ ಮುಖವನ್ನು ಮತ್ತೆ ನೋಡುವುದು ಹೇಗೆ ಎನ್ನುವುದು ಒಂದು ಕಡೆ. ಮುರಿಯದಿದ್ದರೆ ನೋಡಲು ಆ ಮುಖ ಎಷ್ಟು ದಿನ ಇರುತ್ತದೆ ಎನ್ನುವುದು ಇನ್ನೊಂದು ಕಡೆ. ಊತ ಮೊಣಕಾಲಿಗೆ ಏರಿತ್ತು. ಊಟದ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು.

ಜೂನ್ ಇಪ್ಪತ್ತರಂದು ಅಂಗಡಿಗೆ ಹೋದೆ. ಮಾವ ಹಟ ಮಾಡಿ ಬಂದು, ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಬಬ್ಬೂರಿನ ಒಬ್ಬರು ಮೋಟಾರು ಇಳಿಸಿ, ವೋಲ್ಟೇಜ್ ಏರುಪೇರು ಎಂದು ಅದೇ ಹಳೆಯ ಕಥೆ ಹೇಳಿದರು. ಮಾವ ಒಂದು ಪ್ರಶ್ನೆ ಕೇಳಿದರು. ಎರಡನೆಯದಕ್ಕೆ ಬಾಯಿ ತೆರೆದರು, ಉಸಿರು ಸಾಲಲಿಲ್ಲ. ಕೈ ಬೀಸಿ, “ಬರ್ಕಳಪ್ಪ ಗುರುರಾಜ. ಅವ್ರು ಏನಂತಾರೋ ಅದ್ನೇ ಬರ್ಕ,” ಎಂದರು.

ಗುರುರಾಜನ ಪೆನ್ನು ನಿಂತಿತು. ಅಂಥ ಮಾತು ಅವರ ಬಾಯಿಂದ ನಾವು ಕೇಳಿರಲಿಲ್ಲ.

ಬಬ್ಬೂರಿನವರು ಹೋದ ಮೇಲೆ ಗುರುರಾಜನನ್ನು ಟೀ ತರಲು ಕಳಿಸಿ, ಮಾವನ ಎದುರು ಕುಳಿತೆ.

“ಮಾವ, ನೀರಿಲ್ದೆ ಓಡಿಸಿದ್ದನ್ನ ಮುಚ್ಚಿಟ್ಟವರಿಗೆ ನೀವು ಏನು ಹೇಳ್ತಿದ್ರಿ?”

“ಯಾಕೆ?”

“ಆ ಮೇಡಂ ಮುಂದೆ ನೀವೂ ಅದನ್ನೇ ಮಾಡಿದ್ದೀರಿ. ಅವರು ಕೇಳಿದ್ದು ಎಡಗೈ. ನೀವು ಹೇಳಿದ್ದು ವೋಲ್ಟೇಜ್. ಇದರ ಮೇಲೆ ಅವರು ಎಷ್ಟು ಚೆನ್ನಾಗಿ ಕಾಯಿಲ್ ಕಟ್ಟಿದರೂ ಮತ್ತೆ ಸುಡುತ್ತೆ.”

ಅವರ ಮುಖ ಬಿಗಿಯಿತು. “ಲೇ, ಲಿಂಗಾನೂ ಮೋಟ್ರೂ ಒಂದೇನ್ಲೇ?”

“ಅಲ್ಲ. ಆದರೆ ಕೈ ಒಂದೇ.”

ಅವರು ಎದ್ದು ಹೋಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಕಾದೆ. ಅವರು ಎಡ ಅಂಗೈಯನ್ನು ತಿರುಗಿಸಿ, ಹೆಬ್ಬೆರಳಿನ ಬುಡದಲ್ಲಿ ಮಾಂಸ ಇಳಿದು ಗುಳಿಬಿದ್ದ ಜಾಗವನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದರು.

“ಸೋಮವಾರ ಹೋಗಾಣ,” ಎಂದರು ಕೊನೆಗೆ. “ನೀನು ಬಾಯಿ ಬಿಡ್ಬ್ಯಾಡ. ನಾನೇ ಹೇಳ್ತೀನಿ.”

ಇಪ್ಪತ್ತನಾಲ್ಕರಂದು ಅತ್ತೆಯೂ ಜೊತೆಗೆ ಬಂದರು. ಅವರನ್ನು ಹೊರಗೆ ಕೂರಿಸೋಣವೆಂದು ನಾನು ಕಣ್ಣಿನಲ್ಲೇ ಕೇಳಿದೆ. ಮಾವ ಬೇಡವೆಂದು ತಲೆಯಾಡಿಸಿ, ಡಾಕ್ಟರ ಮುಂದೆ ಎಡಗೈ ಚಾಚಿದರು.

“ಹೋದ ಸಲ ಸುಳ್ಳು ಹೇಳ್ದೆ ತಾಯಿ. ಈ ಕೈಗೆ ಸ್ಪರ್ಶ ಇಲ್ಲ. ಎರಡು ವರ್ಷದ ಹಿಂದ್ಲ ಶ್ರಾವಣದಾಗೆ ಪೂಜೇಲಿ ಲಿಂಗ ಜಾರಿ ಬಿತ್ತು. ನಂಗೆ ಗೊತ್ತಾಗ್ಲಿಲ್ಲ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮುಂದೆ ಅಳುತ್ತಾರೆಂದುಕೊಂಡೆ.

“ಇಷ್ಟಕ್ಕಾ ಬಾಗ್ಲು ಹಾಕ್ಕಂಡಿದ್ದು?” ಎಂದರು. “ನನ್ನ ಲಿಂಗ ಎರಡು ಸಲ ಬಿದ್ದೈತೆ! ಒಂದ್ಸಲ ಗುರುರಾಜ ಕೂಸಿದ್ದಾಗ ಕೊರಳಾಗಿನ ಶಿವದಾರ ಹಿಡಿದು ಎಳ್ದ. ತೊಳ್ಕಂಡು, ತಪ್ಪಾತು ಅಂತ ಕೈಮುಗಿದು, ಪೂಜೆ ಮುಗ್ಸಿ ರೊಟ್ಟಿ ತಟ್ಟಕ್ಕೆ ಹೋದೆ. ನಿಮಗೆ ಹೇಳಿದ್ರೆ ಕುಣೀತೀರಿ ಅಂತ ಹೇಳ್ಲಿಲ್ಲ.”

ಡಾಕ್ಟರು ನಗಲಿಲ್ಲ. ಬಗ್ಗಿ ಬರೆದುಕೊಳ್ಳುತ್ತಿದ್ದರು: ಎಡಗೈ ಮರಗಟ್ಟಿರುವುದು, ೨೦೨೨ರ ಶ್ರಾವಣದಿಂದ ಅಥವಾ ಅದಕ್ಕೂ ಮೊದಲಿನಿಂದ. ತಮ್ಮ ಪಾಪವೆಂದು ಬಚ್ಚಿಟ್ಟಿದ್ದದ್ದು ಒಂದು ತಾರೀಖಾಗಿ ಕಾಗದಕ್ಕೆ ಇಳಿಯುವುದನ್ನು ಮಾವ ಕುತ್ತಿಗೆ ಚಾಚಿ ನೋಡುತ್ತಿದ್ದರು. ಆಮೇಲೆ ತಾವಾಗಿಯೇ ಬಲತೋಳಿನ ಅಂಗಿ ಮೇಲೆತ್ತಿದರು. ಮೊಣಕೈಯ ಮೇಲ್ಗಡೆ ಒಂದು ಗಡ್ಡೆ ಎದ್ದಿತ್ತು.

“ಇದೂ ಒಂದೈತೆ. ನಾಲ್ಕು ವರ್ಷದ ಹಿಂದೆ ಏನೋ ಎತ್ತುವಾಗ ಒಳಗೆ ಟಕ್ ಅಂತು. ಮೋಟ್ರು ಎತ್ತಿದ್ದಕ್ಕೆ ಅನ್ಕಂಡೆ. ನೆನಪು ಮಾಡ್ಕಂಡ್ರೆ ಅವತ್ತು ಎತ್ತಿದ್ದು ನೀರಿನ ಕೊಡ.”

ಶೋಭಾರಾಣಿಯವರು ಪೆನ್ನು ಕೆಳಗಿಟ್ಟರು.

“ಲಿವರ್‌ನಲ್ಲಿ ತಯಾರಾಗೋ ಒಂದು ಪ್ರೋಟೀನು ಕೆಲವರಲ್ಲಿ ವಯಸ್ಸಾದ ಮೇಲೆ ಆಕಾರ ಕೆಟ್ಟು ನಾರುನಾರಾಗಿ ಅಲ್ಲಲ್ಲಿ ಕೂತ್ಕೊಳ್ಳುತ್ತೆ. ಮೊದಲು ಮಣಿಕಟ್ಟಿನ ಸಂದಿನಲ್ಲಿ, ನರ ಒತ್ತುತ್ತೆ. ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿಯಲ್ಲಿ, ಅದು ಹರಿದ್ರೆ ಸ್ನಾಯು ಹೀಗೆ ಗಡ್ಡೆಯಾಗುತ್ತೆ. ಎಷ್ಟೋ ವರ್ಷದ ಮೇಲೆ ಹೃದಯದ ಗೋಡೆಯಲ್ಲಿ. ಗೋಡೆ ದಪ್ಪ ಕಾಣುತ್ತೆ, ಆದರೆ ಅದು ಮಾಂಸ ಅಲ್ಲ. ಅದಕ್ಕೇ ಗೆರೆ ಚಿಕ್ಕದು, ಅದಕ್ಕೇ ಬಿ.ಪಿ. ಮಾತ್ರೆ ನಿಮಗೆ ಒಗ್ಗಲಿಲ್ಲ. ಅಮೈಲಾಯ್ಡೋಸಿಸ್ ಅಂತಾರೆ. ಅದೇ ಇರಬೇಕು ಅಂತ ನನ್ನ ಅನುಮಾನ.”

ಮಾವ ಯೋಚಿಸಿದರು. “ಕಾಯಿಲ್ ಕೂರೋ ಸ್ಲಾಟ್ ತುಂಬ ಬರೀ ವಾರ್ನಿಷ್ ಐತೆ, ತಾಮ್ರ ಕಡಿಮೆ ಅನ್ರಿ.”

“ಹಾಗೇ ಅಂದುಕೊಳ್ಳಿ. ಆದರೆ ಇದರಲ್ಲಿ ಎರಡು ಜಾತಿ. ಇನ್ನೊಂದು ಮೂಳೆಯ ಮಜ್ಜೆಯಿಂದ ಬರುತ್ತೆ. ಅದಾಗಿದ್ರೆ ನಮಗೆ ತಿಂಗಳುಗಟ್ಟಲೆ ಪುರಸೊತ್ತು ಇಲ್ಲ, ಈ ವಾರವೇ ಚಿಕಿತ್ಸೆ ಶುರು ಆಗಬೇಕು. ರಕ್ತ, ಮೂತ್ರ ಇವತ್ತೇ ಕಳಿಸ್ತೀನಿ.”

ಎಂಟು ದಿನ ಕಾದೆವು. ಗುರುರಾಜ ಮೋಟಾರುಗಳಿಗೆ ಗ್ರಾಹಕರ ಹೆಸರು ತಪ್ಪಾಗಿ ಬರೆದು ಬೈಸಿಕೊಂಡ. ಅತ್ತೆ ಪ್ರತಿ ಫೋನಿಗೂ ಎದ್ದು ನಿಲ್ಲುತ್ತಿದ್ದರು. ಹೊಳಲ್ಕೆರೆಯಿಂದ ನನ್ನ ತಾಯಿ ಪಾರ್ವತಮ್ಮ ಬಂದು, ಅಣ್ಣನ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಿರುತ್ತಿದ್ದರು. ಮಾವ ಮಾತ್ರ ಒಂದೇ ಮಾತು ಹೇಳಿದರು, “ಕೇಳಿದ್ದಕ್ಕೆಲ್ಲ ಹೇಳಾಗೈತೆ. ಇನ್ನು ಅವ್ರು ಬಿಚ್ಚಿ ನೋಡ್ಲಿ.”

ಜುಲೈ ಎರಡು, ಮಧ್ಯಾಹ್ನ ಮೂರೂವರೆಗೆ ಡಾಕ್ಟರೇ ಫೋನು ಮಾಡಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಆ ಇನ್ನೊಂದು ಜಾತಿಯ ಸುಳಿವು ಇರಲಿಲ್ಲ. ಜುಲೈ ಒಂಬತ್ತಕ್ಕೆ ಬೆಂಗಳೂರಿನಲ್ಲಿ ಮೂಳೆಯ ಸ್ಕ್ಯಾನ್ ಆಯಿತು. ಸೂಜಿಯಲ್ಲಿ ಕೊಟ್ಟ ಔಷಧವನ್ನು ಮೂಳೆ ಮಾತ್ರ ಹೀರಬೇಕಂತೆ. ಚಿತ್ರದಲ್ಲಿ ಪಕ್ಕೆಲುಬುಗಳಿಗಿಂತ ಕಪ್ಪಾಗಿ ಹೃದಯ ಎದ್ದು ಕಾಣುತ್ತಿತ್ತು. ಶೋಭಾರಾಣಿಯವರ ಅನುಮಾನ ನಿಜವಾಗಿತ್ತು. ಸ್ಕ್ಯಾನಿಗೆ ಮೊದಲು ಎದೆಯ ಮೇಲಿನ, ಲಿಂಗವಿದ್ದ ಬೆಳ್ಳಿಯ ಕರಡಿಗೆ ತೆಗೆಯಬೇಕೆಂದು ಅಲ್ಲಿನ ಸಿಬ್ಬಂದಿ ಹೇಳಿದಾಗ ಮಾವ ಒಂದು ಕ್ಷಣ ಹಿಂಜರಿದರು. ಆಮೇಲೆ ಬಲಗೈಯಿಂದ ಬಿಚ್ಚಿ ಅತ್ತೆಯ ಅಂಗೈಗೆ ಇಟ್ಟರು.

“ಬೀಳಿಸ್ಬ್ಯಾಡ. ನಿನ್ನ ಲೆಕ್ಕಕ್ಕೆ ಆಗ್ಲೇ ಎರಡಾಗೈತೆ.”

“ಒಳಗೆ ಹೋಗ್ರಿ ಸುಮ್ನೆ,” ಎಂದರು ಅತ್ತೆ. ಮುಕ್ಕಾಲು ಗಂಟೆ ಅವರು ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತೇ ಇದ್ದರು.

ವಂಶದಿಂದ ಬರುವ ಬಗೆಯೂ ಒಂದಿರುವುದರಿಂದ ಮತ್ತೊಂದು ರಕ್ತಪರೀಕ್ಷೆಯಾಯಿತು. ಅದಲ್ಲವೆಂದು ತಿಳಿದಾಗ ಗುರುರಾಜ ಅಂಗಡಿಯ ಹಿಂದೆ ಹೋಗಿ ಮುಖ ತೊಳೆದುಕೊಂಡು ಬಂದ. ತನ್ನ ಅಂಗೈಗಳನ್ನು ಅವನು ಎಷ್ಟು ದಿನದಿಂದ ಗುಟ್ಟಾಗಿ ಚಿವುಟಿ ನೋಡಿಕೊಳ್ಳುತ್ತಿದ್ದನೋ ನನಗೆ ತಿಳಿಯದು.

ಆ ಪ್ರೋಟೀನು ಆಕಾರ ಕೆಡದಂತೆ ಹಿಡಿದಿಡುವ ಗುಳಿಗೆ ಶುರುವಾಯಿತು. ಒಳಗೆ ಆಗಲೇ ಕೂತದ್ದನ್ನು ಅದು ತೆಗೆಯಲಾರದು, ಮುಂದೆ ಕೂರುವುದನ್ನು ನಿಧಾನಿಸಬಹುದು ಅಷ್ಟೇ ಎಂದು ಶೋಭಾರಾಣಿಯವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬಿ.ಪಿ. ಮಾತ್ರೆಗಳು ನಿಂತವು, ನೀರಿಳಿಸುವ ಮಾತ್ರೆ ಉಳಿಯಿತು. ಕಾರ್ತಿಕದ ಹೊತ್ತಿಗೆ ಊತ ಕಣಕಾಲಿಗೆ ಇಳಿದಿತ್ತು. ಮೆಟ್ಟಿಲಿನ ಬಳಿ ಅವರು ಈಗಲೂ ನಿಲ್ಲುತ್ತಾರೆ, ಆದರೆ ಗೋಡೆ ಹಿಡಿಯುವುದಿಲ್ಲ. ಪರೀಕ್ಷಿಸುವ ಮೇಜಿನ ಹತ್ತಿರ ಅವರನ್ನು ಗುರುರಾಜ ಬಿಡುವುದಿಲ್ಲ. ಕುರ್ಚಿಯಲ್ಲಿ ಕುಳಿತು ವಿಚಾರಣೆ ಮಾತ್ರ ನಡೆಸುತ್ತಾರೆ. ಬಬ್ಬೂರಿನವರ ಮೋಟಾರು ಎರಡನೆಯ ಸಲ ಸುಟ್ಟು ಬಂದಾಗ ಮುಕ್ಕಾಲು ಗಂಟೆ ಕೇಳಿದರಂತೆ.

ಕಳೆದ ತಿಂಗಳ ಒಂದು ಬೆಳಿಗ್ಗೆ ಅವರ ಮನೆಗೆ ಹೋದಾಗ ಪೂಜೆಯ ಕೋಣೆಯ ಬಾಗಿಲು ತೆರೆದಿತ್ತು. ಮಡಿಸಿದ ಟವೆಲಿನ ಮೇಲೆ ಎಡ ಮಣಿಕಟ್ಟು ಊರಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕುಳಿತಿದ್ದರು. ಕೆಳಗೆ ಬಿಳಿ ವಸ್ತ್ರ ಹಾಸಿತ್ತು. ಮೊದಲಿನಂತೆ ಕಣ್ಣು ಮುಚ್ಚಿರಲಿಲ್ಲ. ಅಂಗೈಗೆ ತಿಳಿಯದ್ದನ್ನು ನೋಡಿ ತಿಳಿಯಲೆಂದೋ ಏನೋ, ರೆಪ್ಪೆ ಅಲುಗಿಸದೆ ನೋಡುತ್ತಿದ್ದರು. ಕೈ ಸ್ವಲ್ಪ ನಡುಗುತ್ತಿತ್ತು. ನಾನು ಹೊಸ್ತಿಲಲ್ಲಿ ಕುಳಿತೆ.

ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ಅವರು ಕೇಳಿದರು: “ಅವತ್ತು ನೀನು ಬಾಗ್ಲು ತೆಗ್ದು ನೋಡಿದ್ಯಲ್ಲ, ಅದ್ನ ನಿನ್ನ ಪುಸ್ತಕದಾಗೆ ಬರ್ದಿದ್ಯೇನು?”

“ಇಲ್ಲ ಮಾವ. ನಾಲ್ಕು ಸಾಲು ಖಾಲಿ ಬಿಟ್ಟಿದ್ದೀನಿ.”

“ತುಂಬ್ಸು,” ಎಂದರು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. “ತಾರೀಖು ಸಮೇತ.”